ಸಹಾಯ ಬೇಕು: ವರ್ಷವರ್ಷವೂ ಬದಲಾಗಬಹುದಾದ ನೆರವನ್ನು ನಂಬಿ ಕಾಲೇಜು ಆರಿಸಬಹುದೇ?

ನಮಸ್ಕಾರ. ನಾವು ನ್ಯೂಜೆರ್ಸಿಯಲ್ಲಿ ನೆಲೆಸಿರುವ ಮೈಸೂರು ಕಡೆಯವರು. ಮಗಳಿಗೆ ಎರಡು ಕಾಲೇಜುಗಳಲ್ಲಿ ಪ್ರವೇಶ ಸಿಕ್ಕಿದ್ದು, ಮೇ 1ರೊಳಗೆ ಒಂದಕ್ಕೆ ಒಪ್ಪಿಗೆ ತಿಳಿಸಬೇಕಾಗಿದೆ.

ಒಂದು, ರಾಜ್ಯದ ವಿಶ್ವವಿದ್ಯಾಲಯ. ಅಲ್ಲಿನ ಪ್ರತಿಭಾ ವಿದ್ಯಾರ್ಥಿವೇತನ ಚಿಕ್ಕದಾದರೂ, ಜಿಪಿಎ 3.0ಕ್ಕಿಂತ ಕೆಳಗಿಳಿಯದಿದ್ದರೆ ನಾಲ್ಕು ವರ್ಷವೂ ಅಷ್ಟೇ ಮೊತ್ತ ಸಿಗುವುದೆಂದು ಬರೆದುಕೊಟ್ಟಿದ್ದಾರೆ. ಇನ್ನೊಂದು ಖಾಸಗಿ ಕಾಲೇಜು, ಮಗಳ ಮನಸ್ಸೆಲ್ಲ ಅಲ್ಲೇ ಇದೆ. ಅವರ ಅನುದಾನ ದೊಡ್ಡದಾದ್ದರಿಂದ ಮೊದಲ ವರ್ಷ ನಮ್ಮ ಕೈಯಿಂದ ಹೋಗುವ ಹಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆದರೆ ಪತ್ರದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ‘ನೆರವನ್ನು ಪ್ರತಿ ವರ್ಷ ಮರುಪರಿಶೀಲಿಸಲಾಗುವುದು’ ಎಂಬ ಸಾಲಿದೆ. ಆ ಒಂದು ಸಾಲನ್ನೇ ಹತ್ತು ಸಲ ಓದಿದ್ದೇನೆ.

ಫಾಫ್ಸಾ ಅರ್ಜಿಯನ್ನು (ಅಮೆರಿಕದ ಫೆಡರಲ್ ಸರ್ಕಾರದ ವಿದ್ಯಾರ್ಥಿ ನೆರವಿನ ಅರ್ಜಿ) ವರ್ಷವೂ ಹೊಸದಾಗಿ ತುಂಬಬೇಕು, ಅದು ಎರಡು ವರ್ಷ ಹಿಂದಿನ ತೆರಿಗೆಯನ್ನು ನೋಡುತ್ತದೆ. ಹಾಗಾಗಿ ಕಳೆದ ವರ್ಷ ಪತ್ನಿ ಪೂರ್ಣಾವಧಿ ಕೆಲಸಕ್ಕೆ ಸೇರಿ ಹೆಚ್ಚಿದ ಆದಾಯ ಮುಂದಿನ ಅರ್ಜಿಯಲ್ಲಿ ಕಾಣಿಸಲಿದೆ. ಎರಡು ವರ್ಷದ ನಂತರ ಮಗನೂ ಕಾಲೇಜು ಸೇರುತ್ತಾನೆ. ಒಂದೇ ಮನೆಯ ಇಬ್ಬರು ಓದುತ್ತಿದ್ದರೆ ಸಿಗುತ್ತಿದ್ದ ಅನುಕೂಲವನ್ನು 2024–25ರಿಂದ ನೆರವು ಲೆಕ್ಕಹಾಕುವ ಫೆಡರಲ್ ಸೂತ್ರದಿಂದ ತೆಗೆದಿದ್ದಾರೆ. ಸಿಎಸ್‌ಎಸ್ ಪ್ರೊಫೈಲ್ ಎಂಬ, ಕಾಲೇಜಿನ ಸ್ವಂತ ನೆರವಿಗಾಗಿ ತುಂಬುವ ಬೇರೆ ಅರ್ಜಿಯನ್ನು ಕೇಳುವ ಕೆಲವು ಖಾಸಗಿ ಕಾಲೇಜುಗಳು ಮಾತ್ರ ಈಗಲೂ ಅದನ್ನು ಪರಿಗಣಿಸುತ್ತವೆ.

ಇಂಥ ಕಾಲೇಜಿನಲ್ಲಿ ಮಕ್ಕಳನ್ನು ಓದಿಸಿದವರು, ಆದಾಯ ಏರಿದಾಗ ಅನುದಾನ ಎಷ್ಟರಮಟ್ಟಿಗೆ ಇಳಿಯಿತು, ಶುಲ್ಕ ಏರಿದಂತೆ ಅದೂ ಏರಿತೇ, ಒಪ್ಪಿಗೆ ಕೊಡುವ ಮೊದಲು ನೆರವಿನ ಕಚೇರಿಯಿಂದ ಏನೇನನ್ನು ಇಮೇಲಿನಲ್ಲಿ ಬರೆಸಿಕೊಳ್ಳಬೇಕು ಎಂಬುದನ್ನು ದಯವಿಟ್ಟು ತಿಳಿಸಿ.