ಅಪ್‌ಡೇಟ್: ಮೈಸೂರಿನಿಂದ ಮಂಗಳೂರಿಗೆ, ನಾಯಿ ಜೊತೆ

ನಮ್ಮ ನಾಯಿಯನ್ನು ಮಂಗಳೂರಿಗೆ ರೈಲಿನಲ್ಲಿ ಕರೆದುಕೊಂಡು ಹೋಗುವುದೋ ಕಾರಿನಲ್ಲೋ ಅಂತ ಕೇಳಿದ್ದೆ. ಹೋಗಿ ಬಂದೆವು. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಕೊನೆಗೆ ಕಾರೇ. ರೈಲಿನಲ್ಲಿ ನಾಯಿ ನಮ್ಮ ಜೊತೆಗೇ ಇರಬೇಕಂದರೆ ಫಸ್ಟ್ ಕ್ಲಾಸ್‌ನ ಇಡೀ ಕೂಪೆ (ಇಬ್ಬರು ಮಲಗುವ ಪುಟ್ಟ ಕೋಣೆ) ಬುಕ್ ಮಾಡಬೇಕು. ಇಲ್ಲಾಂದ್ರೆ ಲಗೇಜ್ ಡಬ್ಬಿಯ ಪೆಟ್ಟಿಗೆಯೇ ಗತಿ. ಅದಕ್ಕೆ ನನ್ನ ಮಗಳು ಸುತರಾಂ ಒಪ್ಪಲಿಲ್ಲ.

ಕುಶಾಲನಗರದವರೆಗೆ ಆರಾಮ. ಮಡಿಕೇರಿ ದಾಟಿ ಸಂಪಾಜೆ ಕಡೆ ಇಳಿಯುವಾಗ ತಿರುವು ಜಾಸ್ತಿ. ಹೊರಡುವ ಮುಂಚೆ ಹೊಟ್ಟೆ ತುಂಬ ಹಾಕಬೇಡಿ ಅಂದಿದ್ದಿರಲ್ಲ, ಹಾಗೇ ಮಾಡಿದೆವು. ವಾಂತಿ ಇಲ್ಲ. ಸುಳ್ಯದಲ್ಲಿ ಅದಕ್ಕೆ ಮೊಸರನ್ನ.

ರೂಮಿನದೇ ತಲೆನೋವು. ಫೋನಿನಲ್ಲಿ ಹೂಂ ಅಂದಿದ್ದ ಲಾಡ್ಜಿನವರು, ಹೋದ ಮೇಲೆ ನಾಯಿ ಪಾರ್ಕಿಂಗ್‌ನಲ್ಲಿರಲಿ ಅಂದರು! ಸೀದಾ ನೆಂಟರ ಮನೆಗೆ ಹೋದೆವು.

ಪಣಂಬೂರು ಬೀಚಿಗಿಂತ ತಣ್ಣೀರುಬಾವಿ ಬೀಚ್ ನಮಗೆ ಹಿಡಿಸಿತು. ಬೆಳಿಗ್ಗೆ ಬೇಗ ಹೋಗಿ, ಬಿಸಿಲೇರಿದರೆ ಮರಳು ಪಾದ ಸುಡುತ್ತದೆ. ನಮ್ಮವನೋ, ದೂರದ ಅಲೆಗೆ ಬೊಗಳುವುದು, ಹತ್ತಿರ ಬಂದರೆ ನನ್ನ ಹಿಂದೆ ಅಡಗುವುದು. ಉಪ್ಪುನೀರು ಕುಡಿದರೆ ವಾಂತಿ ಭೇದಿ ಆಗಬಹುದು, ಕುಡಿಯುವ ನೀರು ಒಯ್ಯಿರಿ. ಆಮೇಲೆ ಸಿಹಿನೀರಿನಲ್ಲಿ ಮೈ ತೊಳೆಯಿರಿ, ಬೆರಳ ಸಂದಿಯನ್ನೂ. ದಡದಲ್ಲಿ ಸತ್ತ ಮೀನು ಬಿದ್ದಿರುತ್ತದೆ, ಹಗ್ಗ ಮಾತ್ರ ಬಿಚ್ಚಬೇಡಿ.