ಗುಳ್ಳದ (ನಮ್ಮ ಉಡುಪಿ ಕಡೆಯ ದುಂಡು ಬದನೆ) ಗಿಡ ಹಸಿರಿರುವಾಗಲೇ ಬಾಡಿ ಬೀಳ್ತಾ ಉಂಟು, ಒಂದೇ ಸಾಲಿನಲ್ಲಿ 11 ಗಿಡ ಹೋಯ್ತು

ಪರ್ಕಳ ಹಿತ್ತಿಲು

ಜಾಗ ಒಂದೂವರೆ ಸೆಂಟ್ಸ್, ಮುರಕಲ್ಲಿನ (ಜಂಬಿಟ್ಟಿಗೆ) ಮೇಲೆ ಒಂದಡಿ ಕೆಂಪು ಮಣ್ಣು. ಅಕ್ಟೋಬರ್ ಮೊದಲ ವಾರ ನೆಟ್ಟದ್ದು, ಒಟ್ಟು 48 ಗುಳ್ಳದ ಗಿಡ. ಬುಡಕ್ಕೆ ಹಟ್ಟಿಗೊಬ್ಬರ, ಒಂದು ಹಿಡಿ ಕಡಲೆ ಹಿಂಡಿ. ಹೂ ಬಿಡುವ ಹೊತ್ತಿಗೆ ಮೂರು ಗಿಡ ಮಧ್ಯಾಹ್ನ ಬಾಡುವುದು, ಸಂಜೆ ಮತ್ತೆ ನೆಟ್ಟಗಾಗುವುದು ಶುರುವಾಯ್ತು. ನಾಲ್ಕನೇ ದಿನಕ್ಕೆ ಪೂರ್ತಿ ಜೋತುಬಿತ್ತು. ಎಲೆ ಹಳದಿ ಆಗಿಲ್ಲ. ಈಗ ಕೆಳಗಿನ ಸಾಲಿನಲ್ಲಿ 11 ಗಿಡ ಹೋಗಿದೆ, ಮೇಲಿನ ಸಾಲುಗಳಿಗೆ ಏನೂ ಆಗಿಲ್ಲ. ನೀರು ಕಣಿಯಲ್ಲಿ (ಸಣ್ಣ ಕಾಲುವೆ) ಬಿಡುವುದು. ಶಿಲೀಂಧ್ರನಾಶಕ ಎರಡು ಸಲ ಹೊಡೆದಾಯ್ತು. ನೀರು ಜಾಸ್ತಿ ಮಾಡಬೇಕಾ?

ಹಾರೆ ಪಿಕ್ಕಾಸು

ಬೇಡ ಮಾರಾಯ್ರೆ, ಮೊದಲು ಆ ಕಣಿಯ ನೀರು ನಿಲ್ಲಿಸಿ. ಇನ್ನು ಯಾವ ಮದ್ದೂ ಹೊಡೆಯಬೇಡಿ. ಒಂದು ಗ್ಲಾಸು ನೀರಿನಲ್ಲಿ ರೋಗ ಯಾವುದೆಂದು ಗೊತ್ತಾಗ್ತದೆ.

ಇವತ್ತು ಬಾಡಿದ ಗಿಡವನ್ನೇ ತೆಗೆದುಕೊಳ್ಳಿ, ಒಣಗಿ ವಾರ ಆದದ್ದು ಆಗುವುದಿಲ್ಲ. ಬುಡದ ಮಣ್ಣು ತೊಳೆದು, ನೆಲದಿಂದ ಎರಡು ಇಂಚು ಮೇಲೆ ಹರಿತವಾದ ಕತ್ತಿಯಲ್ಲಿ ಕಡಿಯಿರಿ. ನಾಲ್ಕು ಇಂಚಿನ ತುಂಡು ಸಾಕು. ಗಾಜಿನ ಗ್ಲಾಸಿನಲ್ಲಿ ತಿಳಿನೀರು ಹಾಕಿ, ತುಂಡಿನ ಕಡಿದ ತುದಿ ಮಾತ್ರ ಮುಳುಗುವ ಹಾಗೆ ಹಿಡಿದುಕೊಳ್ಳಿ. ಅಲ್ಲಾಡಿಸಬಾರದು. ಎರಡರಿಂದ ಐದು ನಿಮಿಷದೊಳಗೆ ತುದಿಯಿಂದ ಹಾಲಿನಂಥ ಬಿಳಿ ಎಳೆ ಕೆಳಗೆ ಇಳಿದರೆ ಅದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ಉಳಿದ ತುಂಡನ್ನು ಉದ್ದಕ್ಕೆ ಸೀಳಿದರೆ ಒಳಗೆ ಕಂದು ಗೆರೆಯೂ ಕಾಣಬಹುದು.

ಬಾವಿಕಟ್ಟೆ

ಗ್ಲಾಸಿಗೆ ಮೊದಲು ಗಿಡವನ್ನು ಒಮ್ಮೆ ಸರಿಯಾಗಿ ನೋಡಿ. ಕುಡಿ ಮಾತ್ರ ಬಾಗಿ ಕೆಳಗಿನ ಎಲೆ ಗಟ್ಟಿ ಇದ್ದರೆ ಅದು ಕಾಂಡ ಕೊರೆಯುವ ಹುಳ. ಕುಡಿಯ ಹತ್ತಿರ ಸಣ್ಣ ತೂತು, ಹಿಕ್ಕೆ ಕಾಣ್ತದೆ. ಆ ಕುಡಿಯನ್ನು ಒಂದು ಇಂಚು ಕೆಳಗಿನಿಂದ ಚಿವುಟಿ ಸುಟ್ಟರೆ ಮುಗಿಯಿತು. ಕೆಳಗಿನ ಎಲೆ ಮೊದಲು ಹಳದಿಯಾಗಿ, ಗಿಡದ ಒಂದು ಬದಿ ನಿಧಾನಕ್ಕೆ ಒಣಗಿದರೆ ಶಿಲೀಂಧ್ರದ ಸೊರಗು. ಬೇರು ಕಪ್ಪಾಗಿ ನಾತ ಬಂದರೆ ನೀರು ನಿಂತದ್ದು. ಬೇರಿನಲ್ಲಿ ಗಂಟು ಗಂಟು ಇದ್ದರೆ ಜಂತುಹುಳ (ಬೇರಿಗೆ ಹತ್ತುವ ಬಹಳ ಸಣ್ಣ ಹುಳ). ಇದನ್ನು ತಪ್ಪದೆ ನೋಡಿ, ಅದು ಮಾಡಿದ ಗಾಯದಿಂದಲೇ ದುಂಡಾಣು ಸುಲಭವಾಗಿ ಒಳಗೆ ಹೋಗುವುದು.

ಪರ್ಕಳ ಹಿತ್ತಿಲು

ಮೂರು ಗಿಡ ನೋಡಿದೆ. ಮೂರರಲ್ಲೂ ಬಿಳಿ ಎಳೆ ಬಂತು, ಹತ್ತು ನಿಮಿಷಕ್ಕೆ ನೀರೇ ಕದಡಿತು. ಬೇರಿನಲ್ಲಿ ಗಂಟು ಇಲ್ಲ. ಯಾವ ಮದ್ದು ತರಲಿ?

ಹಾರೆ ಪಿಕ್ಕಾಸು

ಬಾಡಿದ ಗಿಡಕ್ಕೆ ಮದ್ದಿಲ್ಲ. ದುಂಡಾಣು ಇರುವುದು ನೀರು ಏರುವ ನಾಳದ ಒಳಗೆ. ಅದೇ ತುಂಬಿ ನಾಳ ಕಟ್ಟಿದ್ದರಿಂದ, ಬುಡದಲ್ಲಿ ನೀರಿದ್ದರೂ ಎಲೆಗೆ ಮುಟ್ಟುವುದಿಲ್ಲ. ಎಲೆಯ ಮೇಲೆ ಹೊಡೆದದ್ದು ಅಲ್ಲಿಗೆ ಹೋಗುವುದೂ ಇಲ್ಲ. ಇನ್ನು ಉಳಿದ 37 ಗಿಡ ಉಳಿಸುವುದನ್ನು ನೋಡಿ.

ಬಾಡಿದ್ದನ್ನು ಬೇರುಸಮೇತ, ಸುತ್ತಲಿನ ಒಂದು ಬುಟ್ಟಿ ಮಣ್ಣಿನೊಟ್ಟಿಗೆ ಎತ್ತಿ. ಎಳೆದುಕೊಂಡು ಹೋಗಬೇಡಿ, ಗೋಣಿಯಲ್ಲಿ ಹಾಕಿ ಹೊರಗೆ ಒಯ್ದು ಒಣಗಿಸಿ ಸುಡಿ. ಗೊಬ್ಬರದ ಗುಂಡಿಗೆ ಖಂಡಿತ ಬೇಡ. ಗಿಡ ಕಿತ್ತ ಗುಂಡಿಗೆ ಲೀಟರಿಗೆ 2 ಗ್ರಾಂ ಬ್ಲೀಚಿಂಗ್ ಪೌಡರ್ ಕರಗಿಸಿದ ನೀರು ಎರಡು ಮೂರು ಲೀಟರ್ ಹಾಕಿ. ಆಚೀಚೆಯ ಗಿಡ ಚೆನ್ನಾಗಿ ಕಂಡರೂ ಆ ಸಾಲನ್ನು ಸಂಶಯದಲ್ಲೇ ಇಡಿ.

ಕಣಿ ಮುಚ್ಚಿ, ಪೈಪಿನಲ್ಲಿ ಒಂದೊಂದೇ ಬುಡಕ್ಕೆ ನೀರು ಕೊಡಿ. ಒಂದರ ಬುಡದ ನೀರು ಇನ್ನೊಂದಕ್ಕೆ ಹರಿಯಬಾರದು. ನಿಮ್ಮಲ್ಲಿ ಕೆಳಗಿನ ಸಾಲು ಮಾತ್ರ ಹೋದದ್ದು, ಮೇಲಿನದು ಉಳಿದದ್ದು ಇದರಿಂದಲೇ ಇರಬೇಕು. ಕೆಲಸ ಯಾವಾಗಲೂ ಮೇಲಿನ ಸಾಲಿನಿಂದ ಶುರು ಮಾಡಿ, ರೋಗದ ಸಾಲು ಕೊನೆಗೆ. ಹಾರೆ, ಕತ್ತಿ, ಚಪ್ಪಲಿ ತೊಳೆಯದೆ ಮೇಲೆ ಹೋಗಬೇಡಿ. ಬುಡ ಕೆತ್ತುವುದೂ ಬೇಡ, ಬೇರು ತುಂಡಾದರೆ ರೋಗಕ್ಕೆ ಬಾಗಿಲು ತೆರೆದ ಹಾಗೆ. ಕಳೆಯನ್ನು ಕೈಯಲ್ಲಿ ಮೆಲ್ಲ ಕಿತ್ತು, ತರಗೆಲೆ ಮುಚ್ಚಿಬಿಡಿ.

ತೊಂಡೆ ಚಪ್ಪರ

ಬೂದಿ ಮತ್ತೆ ಚಿಪ್ಪುಸುಣ್ಣ ಬುಡಕ್ಕೆ ಧಾರಾಳ ಹಾಕಿದರೆ ನಿಲ್ತದೆ. ಟ್ರೈಕೋಡರ್ಮಾ (ಉಪಕಾರಿ ಶಿಲೀಂಧ್ರ) ಕೂಡ ಹಾಕಿ.

ಬಾವಿಕಟ್ಟೆ

ಧಾರಾಳ ಹಾಕಿದರೆ ಗಿಡವೇ ನಿಲ್ಲುವುದಿಲ್ಲ ಅಕ್ಕ! ಸುಟ್ಟ ಸುಣ್ಣ ಎಳೆ ಬೇರನ್ನು ಸುಡ್ತದೆ. ಹಟ್ಟಿಗೊಬ್ಬರದೊಟ್ಟಿಗೆ ಸೇರಿದರೆ ಸಾರಜನಕವೂ ಗಾಳಿಗೆ ಹೋಗ್ತದೆ. ನಮ್ಮ ಮುರಕಲ್ಲು ಮಣ್ಣು ಹುಳಿ, ಜೋರು ಮಳೆಗೆ ಅದರ ಸುಣ್ಣದಂಶ ತೊಳೆದುಹೋಗಿರ್ತದೆ, ಹಾಗಾಗಿ ಸುಣ್ಣ ಬೇಕು ಎನ್ನುವ ನಿಮ್ಮ ಮಾತು ಸರಿಯೇ. ಆದರೆ ಅದನ್ನು ಹಾಕುವುದು ನಾಟಿಗೆ ಮೊದಲು. ಸೆಂಟ್ಸಿಗೆ 2 ಕೆ.ಜಿ. ಕೃಷಿಸುಣ್ಣ ಅಥವಾ ಡೋಲೋಮೈಟ್, ನೀರು ಹಾಕಿ ಅರಳಿಸಿದ ಚಿಪ್ಪುಸುಣ್ಣ ಆದರೆ ಒಂದೂವರೆ ಕೆ.ಜಿ. ಸಾಕು. ಮಣ್ಣಿಗೆ ಬೆರೆಸಿ, ಹದ ಇರುವಾಗ ಎರಡು ವಾರ ಬಿಟ್ಟು ಆಮೇಲೆ ಗೊಬ್ಬರ. ಮಣ್ಣು ಪರೀಕ್ಷೆ ಮಾಡಿಸಿ ಹಾಕಿದರೆ ಇನ್ನೂ ಒಳ್ಳೆಯದು, ನಿಮಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ ದೂರ ಅಲ್ಲ. ಮಂಗಳೂರಿನವರಿಗೆ ಕಂಕನಾಡಿಯಲ್ಲಿ ಉಂಟು.

ಟ್ರೈಕೋಡರ್ಮಾ ಮುಖ್ಯವಾಗಿ ಶಿಲೀಂಧ್ರದ ರೋಗಕ್ಕೆ. ಇದಕ್ಕೆ ಸ್ವಲ್ಪವಾದರೂ ತಡೆ ಸಿಗುವುದು ಸ್ಯೂಡೋಮೊನಾಸ್ ಎಂಬ ಉಪಕಾರಿ ದುಂಡಾಣುವಿನ ಪುಡಿಯಿಂದ. ಲೀಟರಿಗೆ 20 ಗ್ರಾಂ ಕಲಸಿ, ಚೆನ್ನಾಗಿರುವ ಗಿಡಗಳ ಬುಡಕ್ಕೆ ಅರ್ಧ ಲೀಟರಿನಷ್ಟು, 15 ದಿನಕ್ಕೊಮ್ಮೆ. ಬ್ಲೀಚಿಂಗ್ ಹಾಕಿದ ಗುಂಡಿಗೆ ಎರಡು ವಾರ ಬಿಟ್ಟೇ ಹಾಕಿ, ಇಲ್ಲದಿದ್ದರೆ ದುಡ್ಡು ಕೊಟ್ಟು ತಂದ ಜೀವಾಣುವನ್ನು ನೀವೇ ಕೊಂದ ಹಾಗೆ.

ಪರ್ಕಳ ಹಿತ್ತಿಲು

ಖಾಲಿ ಜಾಗಕ್ಕೆ ಟೊಮೆಟೊ ಹಾಕಲಾ? ಗಾಂಧಾರಿ ಮೆಣಸಿನ ಸಸಿಯೂ ಉಂಟು.

ಹಾರೆ ಪಿಕ್ಕಾಸು

ಎರಡೂ ಬದನೆಯ ಬಳಗವೇ, ಅದೇ ರೋಗ ಬರ್ತದೆ. ಶುಂಠಿಯೂ ಬೇಡ. ಅಲಸಂಡೆ, ಹರಿವೆ, ಜೋಳ, ಮುಳ್ಳುಸೌತೆ ಹಾಕಿ. ಮಣ್ಣಿನಲ್ಲಿ ಈ ದುಂಡಾಣು ವರ್ಷಗಟ್ಟಲೆ ಉಳಿಯುವುದರಿಂದ ಕನಿಷ್ಠ ಮೂರು ವರ್ಷ ಆ ಸಾಲಿಗೆ ಬದನೆ ತರಬೇಡಿ. ನೀರು ನಿಲ್ಲುವ ಗದ್ದೆಯಾದರೆ ಮಳೆಗಾಲಕ್ಕೆ ಭತ್ತ ಬೆಳೆದರೆ ರೋಗ ಎಷ್ಟೋ ತಗ್ಗುತ್ತದೆ, ಗುಡ್ಡದ ಜಾಗಕ್ಕೆ ಆ ಉಪಾಯ ಇಲ್ಲ. ಬದನೆಯೇ ಬೇಕಾದರೆ ಹೊಸ ಮಣ್ಣು ತುಂಬಿದ ಚೀಲದಲ್ಲಿ ಬೆಳೆಸಿ, ಚೀಲವನ್ನು ಕಲ್ಲಿನ ಮೇಲೆ ಇಡಿ, ನೆಲಕ್ಕೆ ತಾಗಿಸಬೇಡಿ. ರೋಗ ತಡೆಯುವ ತಳಿಗಳೂ ಉಂಟು: ಬದನೆಯಲ್ಲಿ ಅರ್ಕಾ ನಿಧಿ, ಟೊಮೆಟೊದಲ್ಲಿ ಅರ್ಕಾ ರಕ್ಷಕ್, ಮೆಣಸಿನಲ್ಲಿ ಕೇರಳದ ಉಜ್ವಲ.

ಪರ್ಕಳ ಹಿತ್ತಿಲು

ಸಾಂಬಾರಿಗೆ ಗುಳ್ಳವೇ ಬೇಕು ಮನೆಯಲ್ಲಿ. ಬೇರೆ ಬದನೆ ತಿನ್ನುವುದಿಲ್ಲ.

ಕಸಿ ಕತ್ತಿ

ಹಾಗಾದರೆ ಸುಂಡೆ (ಬದನೆಯ ಬಳಗದ ಕಾಡುಗಿಡ) ಗಿಡಕ್ಕೆ ಗುಳ್ಳ ಕಸಿ ಮಾಡಿ. ಸುಂಡೆಯ ಬೇರು ಈ ರೋಗವನ್ನು ಚೆನ್ನಾಗಿ ತಡೆಯುತ್ತದೆ.

ಸುಂಡೆ ಬೀಜ ಮೊಳೆಯುವುದು ತಡ, ಬೆಳೆಯುವುದೂ ನಿಧಾನ. ಅಕ್ಟೋಬರ್ ನಾಟಿಗೆ ಜುಲೈ ನಡುವಿನಲ್ಲಿ ಸುಂಡೆ ಬಿತ್ತಿ, ಗುಳ್ಳವನ್ನು ಮೂರು ನಾಲ್ಕು ವಾರ ಕಳೆದು ಬಿತ್ತಿ. ಎರಡರ ಕಾಂಡವೂ ಒಂದೇ ದಪ್ಪ ಆಗಬೇಕು, ಸುಮಾರು 2 ಮಿ.ಮೀ. ಸುಂಡೆಯನ್ನು ಮಣ್ಣಿನಿಂದ ಎರಡು ಇಂಚು ಮೇಲೆ ಬ್ಲೇಡಿನಲ್ಲಿ ಅಡ್ಡ ಕಡಿದು, ನಡುವೆ ಒಂದು ಸೆಂ.ಮೀ. ಸೀಳಿ. ಗುಳ್ಳದ ಕುಡಿಯಲ್ಲಿ ಎರಡು ಮೂರು ಎಲೆ ಉಳಿಸಿ, ಬುಡವನ್ನು ಎರಡೂ ಬದಿ ಬೆಣೆಯಂತೆ ಕೆತ್ತಿ ಸೀಳಿನಲ್ಲಿ ಕೂರಿಸಿ ಕ್ಲಿಪ್ ಹಾಕಿ. ಕ್ಲಿಪ್ ಇಲ್ಲದಿದ್ದರೆ ಕಸಿ ಟೇಪು. ಕೂಡಲೇ ಪ್ಲಾಸ್ಟಿಕ್ ಮುಚ್ಚಿ ನೆರಳಿನಲ್ಲಿ ಒಂದು ವಾರ ಇಡಿ. ಒಳಗೆ ತೇವ ಇರಬೇಕು, ಆದರೆ ಗಾಯಕ್ಕೆ ನೀರು ತಾಗಬಾರದು. ಕಸಿ ಹೆಚ್ಚಾಗಿ ಹಾಳಾಗುವುದು ಅಲ್ಲಿಯೇ. ಮತ್ತೆ ಹತ್ತು ದಿನ ಮುಚ್ಚಿದ್ದನ್ನು ಸ್ವಲ್ಪ ಸ್ವಲ್ಪ ತೆರೆಯುತ್ತಾ ಬನ್ನಿ.

ನೆಡುವಾಗ ಕಸಿಯ ಗಂಟು ನೆಲದಿಂದ ಒಂದೆರಡು ಇಂಚು ಮೇಲಿರಲಿ. ಬುಡಕ್ಕೆ ಮಣ್ಣು ಏರಿಸುವ ಅಭ್ಯಾಸ ಇರುವವರು ಎಡವುವುದು ಇಲ್ಲಿ: ಗಂಟು ಮುಚ್ಚಿದರೆ ಗುಳ್ಳದ ಕಾಂಡವೇ ಬೇರು ಬಿಡ್ತದೆ, ರೋಗ ಆ ಬೇರಿನಿಂದ ಹತ್ತುತ್ತದೆ. ಗಂಟಿನ ಕೆಳಗೆ ಬರುವ ಸುಂಡೆ ಚಿಗುರನ್ನು ವಾರಕ್ಕೊಮ್ಮೆ ಚಿವುಟಿ.

ಪರ್ಕಳ ಹಿತ್ತಿಲು

ಬೀಜ ಈಗಿನ ಮೇಲಿನ ಸಾಲಿನಿಂದ ತೆಗೆಯಬಹುದಾ?

ಕಸಿ ಕತ್ತಿ

ತೆಗೆಯಬಹುದು. ಕೊನೆಯವರೆಗೂ ಬಾಡದ ಗಿಡದಲ್ಲಿ ಎರಡು ಕಾಯಿ ಹಳದಿಯಾಗುವ ತನಕ ಬಿಡಿ. ಬೀಜ ತೊಳೆದು ನೆರಳಿನಲ್ಲಿ ಒಣಗಿಸಿ. ಸಸಿ ಮಾಡುವ ಮಣ್ಣನ್ನು ಮಾತ್ರ ಆ ಹಿತ್ತಿಲಿನಿಂದ ತರಬೇಡಿ. ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರ ಸಮಪಾಲು ಬೆರೆಸಿ ಟ್ರೇಯಲ್ಲಿ ಹಾಕಿ.