ಸಹಾಯ ಬೇಕು: ಮಂಗಳೂರಿನಲ್ಲಿ ಇಳಿಯುವಾಗ ಫ್ಲೈಟ್ ಸಿಮ್ಯುಲೇಟರ್ ತಡವರಿಸುತ್ತಿದೆ

ಎಲ್ಲರಿಗೂ ನಮಸ್ಕಾರ, ಬದಿಯಡ್ಕದಿಂದ ಬರೆಯುತ್ತಿದ್ದೇನೆ. ಪ್ಲಸ್ ಟು ಓದುವ ಮಗಳಿಗೆ ಪೈಲಟ್ ಆಗುವ ಆಸೆ. ದಿನಾ ಸಂಜೆ ಮನೆಯ ಕಂಪ್ಯೂಟರಿನಲ್ಲಿ ಫ್ಲೈಟ್ ಸಿಮ್ಯುಲೇಟರ್ (ವಿಮಾನ ಹಾರಿಸುವುದನ್ನು ಅನುಕರಿಸುವ ತಂತ್ರಾಂಶ) ಹಾಕಿ ಅಭ್ಯಾಸ. ಅರಬ್ಬಿ ಸಮುದ್ರದ ಮೇಲೆ ಸೆಕೆಂಡಿಗೆ 30 ಫ್ರೇಮ್ (ಪರದೆಯ ಚಿತ್ರ) ಸಿಗುತ್ತದೆ. ಬಜಪೆ ಗುಡ್ಡದ ಮೇಲಿನ 2,450 ಮೀಟರ್ ರನ್‌ವೇ ಕಾಣುವ ಹೊತ್ತಿಗೆ 12ಕ್ಕೆ ಇಳಿದು ಚಿತ್ರ ನಿಂತು ನಿಂತು ಬರುತ್ತದೆ. ಇಳಿಸುವ ಗಳಿಗೆಯಲ್ಲೇ ಹೀಗಾದರೆ ಅವಳ ಮುಖ ನೋಡಲಾಗುವುದಿಲ್ಲ.

ಕಂಪ್ಯೂಟರಿನಲ್ಲಿರುವುದು ಹಳೆಯ ಐ5 ಪ್ರೊಸೆಸರ್, 8 ಜಿಬಿಯ ಒಂದೇ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಹಾರ್ಡ್ ಡಿಸ್ಕ್. ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿದರೂ ಫ್ರೇಮ್ ಏರಲಿಲ್ಲ. ಹಾಗಾಗಿ ತೊಂದರೆ ಗ್ರಾಫಿಕ್ಸ್ ಕಾರ್ಡಿನದ್ದಲ್ಲ, ಪ್ರೊಸೆಸರ್ ಅಥವಾ ರ‍್ಯಾಮಿನದು ಎಂದು ನನ್ನ ಅಂದಾಜು. ದೂರದ ನೆಲದ ವಿವರ ತಗ್ಗಿಸಿದಾಗ ಸ್ವಲ್ಪ ವಾಸಿ.

ಈ ತಿಂಗಳು ಒಂದನ್ನೇ ಕೊಳ್ಳಬಲ್ಲೆ. ಇನ್ನೊಂದು 8 ಜಿಬಿ ಸೇರಿಸಿ ಡ್ಯುಯಲ್ ಚಾನೆಲ್ (ಎರಡು ರ‍್ಯಾಮ್ ಜೊತೆಯಾಗಿ ಕೆಲಸ ಮಾಡುವ ವ್ಯವಸ್ಥೆ) ಮಾಡಲೇ, ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಲೇ? ಮಾಡಿ ನೋಡಿದವರು ದಯವಿಟ್ಟು ಹೇಳಿ.